ಅಕ್ಕಿಕಾಳಿಗೊಂದು ಜೋಡಿ

ರಿಟೈನರ್ ಎಲ್ಲ ಹಲ್ಲಿಗೂ ಸರಿಯಾಗಿ ಕೂತಿತು, ಒಂದನ್ನು ಬಿಟ್ಟು.

ಎರಡು ವರ್ಷ ಹಲ್ಲಿಗೆ ತಂತಿ ಕಟ್ಟಿಸಿಕೊಂಡು, ಚಕ್ಕುಲಿಯನ್ನೂ ಸೀಬೆಕಾಯಿಯನ್ನೂ ದೂರದಿಂದಲೇ ನೋಡಿ ನಿಟ್ಟುಸಿರು ಬಿಟ್ಟವಳು ಕೀರ್ತನಾ. ನಿನ್ನೆ ತಂತಿ ಬಿಚ್ಚಿ, ಮೆತ್ತನೆಯ ಹಿಟ್ಟಿನಂಥದ್ದನ್ನು ಕಚ್ಚಿಸಿ ಹಲ್ಲಿನ ಅಳತೆ ತೆಗೆದಾಗಿತ್ತು. ಸಾಲಿಗೆ ಬಂದ ಹಲ್ಲುಗಳು ಮತ್ತೆ ಜಾರದಂತೆ ಕಾಯುವ ಗಾಜಿನಂಥ ಈ ಕವಚವೊಂದು ಕೈಗೆ ಬಂದರೆ ಬಿಡುಗಡೆ ಎಂದುಕೊಂಡೇ ಬಸವೇಶ್ವರನಗರದ ಪುಟ್ಟ ಕ್ಲಿನಿಕ್ಕಿಗೆ ಬಂದಿದ್ದಳು. ಈಗ ನೋಡಿದರೆ, ಮುಂದಿನ ಎರಡು ಹಲ್ಲುಗಳ ಬಲಕ್ಕಿರುವ ಆ ಒಂದರ ಸುತ್ತ ಮಾತ್ರ ಕವಚ ಖಾಲಿ. ಅಲ್ಲಿ ಬೇರೆ ಯಾರದೋ ದೊಡ್ಡ ಹಲ್ಲಿಗೆ ಜಾಗ ಬಿಟ್ಟ ಹಾಗಿತ್ತು.

ಡಾಕ್ಟರ್ ಅನಘಾ ಫೋನ್ ಎತ್ತಿದರು. "ವೀರೇಶ್, ಕೀರ್ತನಾ ಅವರ ಮಾಡೆಲ್ ತಗೊಂಡು ಈಗಲೇ ಬಾ."

ಚನ್ನವೀರೇಶನದು ಹೊಸಹಳ್ಳಿಯಲ್ಲೊಂದು ಡೆಂಟಲ್ ಲ್ಯಾಬ್. ಸುತ್ತಲಿನ ಕ್ಲಿನಿಕ್ಕುಗಳು ಅಳತೆ ಕಳಿಸಿದರೆ, ಅದಕ್ಕೆ ಪ್ಲಾಸ್ಟರ್ ಹುಯ್ದು ಬಾಯಿಯ ಅಚ್ಚು ಮಾಡಿ, ಅದರ ಮೇಲೆ ರಿಟೈನರು, ಕ್ಯಾಪು, ಅಜ್ಜ-ಅಜ್ಜಿಯರ ಹಲ್ಲುಸೆಟ್ಟು ಎಲ್ಲ ತಯಾರಿಸುವವನು. ಹೆಲ್ಮೆಟ್ಟಿಗೆ ಅಂಟಿದ ಕೂದಲನ್ನು ಒಂದು ಕೈಯಲ್ಲಿ ಎಬ್ಬಿಸುತ್ತ ಬಂದು, ಇನ್ನೊಂದು ಕೈಯಲ್ಲಿ ಡಬ್ಬಿ ತೆರೆದ.

"ಅಳತೇಲಿ ಈ ಹಲ್ಲು ಸರಿಯಾಗಿ ಬಂದಿರ್ಲಿಲ್ಲ ಮೇಡಂ. ಗಾಳಿ ಹೊಕ್ಕು ಮುರಿದ ಹಾಗಿತ್ತು. ನಾನೇ ತುಂಬಿಸಿ ರಿಪೇರಿ ಮಾಡ್ದೆ," ಎಂದ, ಶಾಭಾಸ್ ಅನ್ನಿಸಿಕೊಳ್ಳಲು ನಿಂತವನ ಹಾಗೆ.

ಅನಘಾ ಹಣೆ ಚಚ್ಚಿಕೊಂಡರು.

"ಅದು ಮುರಿದಿಲ್ಲ," ಎಂದಳು ಕೀರ್ತನಾ. "ಅದು ಇರೋದೇ ಹಾಗೆ."

ಆಗ ಅವನು ಮೊದಲ ಸಲ ಪ್ಲಾಸ್ಟರಿನಿಂದ ಕಣ್ಣೆತ್ತಿ ಅವಳನ್ನು ನೋಡಿದ. ಅವಳ ಕೈ ಬಾಯಿಗೆ ಅಡ್ಡ ಏರುವ ಮೊದಲೇ ಕಂಡುಬಿಟ್ಟಿತು: ಬೇರೆ ಹಲ್ಲುಗಳ ನಡುವೆ ಅವಿತು ಕೂತ, ಪುಟ್ಟ, ಮೊನಚಾದ, ಅಕ್ಕಿಕಾಳಿನಂಥ ಹಲ್ಲು. ವೀರೇಶನ ಕಿವಿ ಕೆಂಪಾದವು.

"ಕೇಳ್ಬಾರದೇನೋ ನನ್ನ?" ಅನಘಾ ಗದರಿದರು. "ತಂತಿ ಹಾಕಿಸ್ಕೊಳ್ಳೋಕೆ ಬರೋರಲ್ಲಿ ಇಂಥದ್ದು ಎಷ್ಟು ಕಾಮನ್ ಅಂತ ನಾನು ಥೀಸಿಸ್ಸೇ ಬರ್ದಿದೀನಿ. ಮೂರ್ನಾಲ್ಕು ಜನಕ್ಕೆ ಒಬ್ಬರಿಗಾದ್ರೂ ಏನೋ ಒಂದು ಇದ್ದೇ ಇತ್ತು. ಕೆಲವರಿಗೆ ಒಂದು ಹಲ್ಲು ಹುಟ್ಟೇ ಇರಲ್ಲ, ಕೆಲವರಿಗೆ ಒಂದು ಎಕ್ಸ್‌ಟ್ರಾ."

"ನನಗೇನೂ ಕಾಮನ್ ಅನ್ಸಲ್ಲ ಡಾಕ್ಟ್ರೇ. ಹೇಗೂ ಮುಂದಿನ ವಾರ ಮುಚ್ಚಿಸ್ತೀನಲ್ಲ."

ಅದನ್ನು ಅವಳು ನಿರ್ಧರಿಸಿದ್ದು ಅಕ್ಕನ ಮದುವೆಯಲ್ಲಿ. ಎಲ್ಲರನ್ನೂ ಜೋರಾಗಿ ನಗಿಸುತ್ತಿದ್ದ ಫೋಟೋಗ್ರಾಫರ್ ಅವಳೊಬ್ಬಳಿಗೆ, "ಮೇಡಂ, ನೀವು ಬಾಯಿ ಮುಚ್ಚಿ ನಗಿ," ಅಂದಿದ್ದ. ಅಂದಿನಿಂದ ನಗು ಬಂದಾಗೆಲ್ಲ ಕೈಯೂ ಬರುತ್ತಿತ್ತು. ಹಲ್ಲಿನ ಮೇಲೆ ಪಿಂಗಾಣಿಯ ಚಿಪ್ಪು ಅಂಟಿಸಿದರೆ ಆ ಕೈಗೆ ರಜ.

ಅನಘಾ ಹೊಸ ಅಳತೆ ತೆಗೆದರು. ವೀರೇಶ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡ.

"ಒಣಗೋದ್ರೊಳಗೆ ಪ್ಲಾಸ್ಟರ್ ಹಾಕಬೇಕು. ಸಂಜೆ ತಂದುಕೊಡ್ತೀನಿ."

"ನಾನೂ ಬರ್ತೀನಿ."

"ಯಾಕ್ರೀ?"

"ಮತ್ತೆ ರಿಪೇರಿ ಮಾಡಿಬಿಟ್ರೆ?"

ಅವನ ಸ್ಕೂಟರಿನ ಹಿಂದೆ ಅವಳ ಸ್ಕೂಟರು. ಸಿಗ್ನಲ್ಲಿನಲ್ಲಿ ಅವನು ತಿರುಗಿ ನೋಡಿದ. ಅವಳು ಆಕಾಶ ನೋಡಿದಳು.

ಲ್ಯಾಬ್ ಇದ್ದದ್ದು ಒಂದು ಹಿಟ್ಟಿನ ಗಿರಣಿಯ ಮೇಲೆ. ಕೆಳಗೆ ರಾಗಿಯ ಧೂಳು, ಮೇಲೆ ಪ್ಲಾಸ್ಟರಿನ ಧೂಳು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಿಳಿ ಬಾಯಿಗಳು ಸಾಲಾಗಿ ಕೂತಿದ್ದವು. ಕೀರ್ತನಾ ಒಂದೊಂದನ್ನೇ ನೋಡುತ್ತ ಹೋದಳು. ಒಂದರಲ್ಲಿ ಕೋರೆಹಲ್ಲೇ ಇಲ್ಲ. ಇನ್ನೊಂದರಲ್ಲಿ ಮುಂದಿನ ಎರಡರ ನಡುವೆ ಕರೆಯದ ನೆಂಟನಂತೆ ಮೂರನೆಯದು. ಮತ್ತೊಂದರಲ್ಲಿ ಹಲ್ಲೊಂದು ಮುನಿಸಿಕೊಂಡು ಗೋಡೆ ಕಡೆ ತಿರುಗಿ ಕೂತಿದೆ.

"ಇವರೆಲ್ಲಾ ನಗ್ತಾರಾ?" ಮೆಲ್ಲಗೆ ಕೇಳಿದಳು.

"ಕೈ ಅಡ್ಡ ಇಟ್ಕೊಂಡಾ?" ಪ್ಲಾಸ್ಟರ್ ಕಲಸುತ್ತಲೇ ಕೇಳಿದ ಅವನು. ಅವಳ ಮುಖ ನೋಡಿ ಸ್ವರ ಇಳಿಸಿದ. "ನಿಮ್ಮಂಥ ಹಲ್ಲು ನೋಡಿದೀನಿ ರೀ. ನಾನು ಕಂಡವರಿಗೆಲ್ಲಾ ಎರಡೂ ಕಡೆ ಇತ್ತು. ನಿಮಗೆ ಒಂದೇ ಕಡೆ. ಅದಕ್ಕೇ ಮೋಸ ಹೋದೆ. ನಂದೂ ಒಂದಿದೆ ಗೊತ್ತಾ? ಹಾಲುಹಲ್ಲು. ಇನ್ನೂ ಬಿದ್ದಿಲ್ಲ. ಕೆಳಗೆ ಬೇರೆ ಹಲ್ಲೇ ಇಲ್ವಂತೆ."

"ಸುಳ್ಳು!"

ಅವನು ಬಾಯಿ ತೆರೆದ. ಅವಳು ಮೊಬೈಲಿನ ಟಾರ್ಚ್ ಹಾಕಿದಳು. "ಇನ್ನೂ ದೊಡ್ಡದಾಗಿ. ಆ ಅನ್ನಿ." ಗಡ್ಡ ಬಿಟ್ಟ ಗಂಡಸಿನ ದವಡೆಯಲ್ಲಿ, ದೊಡ್ಡ ಹಲ್ಲುಗಳ ಮಧ್ಯೆ, ಒಂದನೇ ಕ್ಲಾಸಿನ ಹುಡುಗನದೊಂದು ಹಲ್ಲು! ಕೀರ್ತನಾ ಕಿಲಕಿಲ ನಕ್ಕುಬಿಟ್ಟಳು. ಕೈ ನೆನಪಾದದ್ದು ನಕ್ಕ ಮೇಲೆ. ವೀರೇಶ ಮಾತ್ರ ತೆರೆದ ಬಾಯಿ ಮುಚ್ಚುವುದನ್ನೇ ಮರೆತಿದ್ದ.

"ಟಾರ್ಚ್ ಆರಿಸಿದೀನಿ," ಎಂದಳು.

"ಹಾಂ? ಹೌದಾ."

ಅಳತೆಗೆ ಪ್ಲಾಸ್ಟರ್ ಹುಯ್ದು, ಸ್ವಲ್ಪ ಹೊತ್ತಿನ ಮೇಲೆ ಅದನ್ನು ಅವಳ ಅಂಗೈಯಲ್ಲಿಟ್ಟ. "ಮುಟ್ಟಿ ನೋಡಿ. ಗಟ್ಟಿಯಾಗೋವಾಗ ಬಿಸಿಯಾಗುತ್ತೆ."

ನಿಜವೇ. ಬೆಂಕಿಯಿಲ್ಲ, ಬಿಸಿಲಿಲ್ಲ, ಆದರೂ ತನ್ನದೇ ನಗುವೊಂದು ಗುಬ್ಬಚ್ಚಿಯ ಮರಿಯಂತೆ ಅಂಗೈಯಲ್ಲಿ ಬೆಚ್ಚಗಾಗುತ್ತಿತ್ತು. ಜಾರದಿರಲೆಂದು ಅವನ ಬೆರಳುಗಳೂ ಕೆಳಗೇ ಇದ್ದವು. ಹೊಸಹಳ್ಳಿಯ ಮೆಟ್ರೋ ಸದ್ದು ಮಾಡುತ್ತ ಹಾದುಹೋಯಿತು. ಇಬ್ಬರೂ ಕೈ ತೆಗೆಯಲಿಲ್ಲ.

"ನಮ್ಮಜ್ಜಿಗೂ ಇದೇ ಹಲ್ಲಿತ್ತು," ಎಂದಳು, ಏನಾದರೂ ಹೇಳಬೇಕಲ್ಲ ಎಂದು. "ಅದಕ್ಕೊಂದು ಕಥೇನೂ ಇದೆ. ಪಾರ್ವತಿ ಒಂದು ಗೊಂಬೆ ಮಾಡಿ, ಹಲ್ಲಿಗೆ ಮುತ್ತು ಜೋಡಿಸ್ತಾ ಇದ್ಲಂತೆ. ಒಂದು ಮುತ್ತು ಉರುಳಿ ಹೋಯ್ತು. ಮಡಿಲಲ್ಲಿದ್ದ ಅಕ್ಕಿಕಾಳು ಇಟ್ಲು. ಶಿವ ಬಂದವನೇ, 'ಇದೇನಿದು, ಒಂದು ಮುರಿದಿದೆಯಲ್ಲ' ಅಂದ."

"ಅಯ್ಯೋ. ಆಮೇಲೆ?"

"ಆಮೇಲೇನು, ಬಾಗಿಲು ಹಾಕ್ಕೊಂಡ್ಲು. ಆ ಕಾಳಿಗೆ ಜೋಡಿ ಹುಡುಕಿ ತರೋವರೆಗೂ ಒಳಗೆ ಬರಬೇಡಿ ಅಂದ್ಲು. ಶಿವ ಜೋಳಿಗೆ ಹಿಡ್ಕೊಂಡು ಮನೆಮನೆ ಅಲೆಯೋದು ಅದಕ್ಕೇ ಅಂತೆ."

"ಸಿಕ್ತಾ?"

"ಅಷ್ಟರಲ್ಲಿ ನನಗೆ ನಿದ್ದೆ ಬಂದಿರ್ತಿತ್ತು." ಅವಳು ಮುಗುಳ್ನಕ್ಕಳು. "ಅಜ್ಜಿಗೆ ಈಗ ಸೆಟ್ಟು. ಎಲ್ಲಾ ಹಲ್ಲೂ ಒಂದೇ ಸಮ. ಕನ್ನಡೀಲಿ ಯಾರೋ ಬೇರೆ ಹೆಂಗಸು ಕಾಣ್ತಾಳೆ ಕಣೇ ಅಂತಾಳೆ. ಅದೂ ಸಡಿಲ ಆಗಿದೆ. ಹೊಸದಕ್ಕೆ ಅಳತೆ ಕೊಡಬೇಕು."

ಹೊಸ ರಿಟೈನರ್ ಈ ಸಲ ಅಕ್ಕಿಕಾಳನ್ನೂ ಅಪ್ಪಿ ಕೂತಿತು. ವಾರವಿಡೀ ರಾತ್ರಿ ಅದನ್ನು ಹಾಕಿಕೊಳ್ಳುವಾಗ ಕೀರ್ತನಾಳಿಗೆ ಅಂಗೈಯ ಆ ಬಿಸಿ ನೆನಪಾಗುತ್ತಿತ್ತು. ಹಿಂದೆಯೇ ಸಿಟ್ಟೂ ಬರುತ್ತಿತ್ತು. ಚಿಪ್ಪಿನ ಆರ್ಡರ್ ಅವನ ಲ್ಯಾಬಿಗೇ ಹೋಗಿತ್ತು. ಅವನು ಬೇಡ ಅನ್ನಲಿಲ್ಲ. ಒಂದು ಮೆಸೇಜಾದರೂ ಹಾಕಬಾರದಿತ್ತೇ?

ಚಿಪ್ಪು ಅಂಟಿಸುವ ದಿನವೇ, ವಾರದ ನಡುವೆ ಅಳತೆ ಕೊಟ್ಟಿದ್ದ ಅಜ್ಜಿಯ ಹೊಸ ಸೆಟ್ಟೂ ಬರುವುದಿತ್ತು. ಅಜ್ಜಿ ನೀಲಗಂಗಮ್ಮ ಇಳಕಲ್ ಸೀರೆಯುಟ್ಟು, ಹಣೆಗೆ ವಿಭೂತಿ ಧರಿಸಿ, ಗತ್ತಿನಿಂದ ಕುರ್ಚಿಯಲ್ಲಿ ಕೂತರು. ವೀರೇಶ ಎರಡು ಡಬ್ಬಿ ತಂದಿದ್ದ. ಚಿಕ್ಕದನ್ನು ಕೀರ್ತನಾಳ ಕೈಗಿತ್ತ. ಹೂವಿನ ದಳದಂಥ ಚಿಪ್ಪು. ಬಹಳ ಚೆನ್ನಾಗಿತ್ತು. ಅವಳ ಎದೆ ಭಾರವಾಯಿತು.

"ಚೆನ್ನಾಗೇ ಮಾಡಿದೀನಿ," ಎಂದ ಅವನು, ನೆಲ ನೋಡುತ್ತ. "ಹೋದ ಸಲ ನೋಡದೇ ಮುಚ್ಚಿದ್ದೆ. ಈ ಸಲ ನಿಮ್ಮ ಇಷ್ಟ. ಮೊದಲು ಅಜ್ಜೀದು ನೋಡೋಣ."

ಅನಘಾ ಸೆಟ್ ಕೂರಿಸಿ ಕನ್ನಡಿ ಹಿಡಿದರು. ಅಜ್ಜಿ ತುಟಿ ತೆರೆದರು. ಬಲಗಡೆ, ಮುಂದಿನ ಎರಡರ ಪಕ್ಕದಲ್ಲಿ, ಪುಟ್ಟ, ಮೊನಚಾದ ಅಕ್ಕಿಕಾಳು.

ಅಜ್ಜಿ ಎಷ್ಟೋ ಹೊತ್ತು ಕನ್ನಡಿ ಬಿಡಲಿಲ್ಲ. "ಬಂದಿಯಾ ನೀಲಾ," ಎಂದರು ಕೊನೆಗೆ, ತಮಗೇ.

"ಅಜ್ಜೀ! ಇದು ಹೇಗೆ...?"

"ಈ ಹುಡುಗ ಫೋನ್ ಮಾಡಿದ್ದ ಕಣೇ. ಯಾವ ಕಡೆ ಇತ್ತು, ಎಷ್ಟು ದೊಡ್ಡದು, ನಿಮಗೆ ಅದು ಬೇಕಾ ಅಂತ ಕೇಳ್ದ. ಬೇಕೋ ಮಹರಾಯ ಅಂದೆ. ನಿನ್ನ ಅಚ್ಚು ನೋಡ್ಕೊಂಡೇ ಮಾಡಿದ್ನಂತೆ." ಅಜ್ಜಿ ಗಹಗಹಿಸಿ ನಕ್ಕರು.

ಕೀರ್ತನಾಳೂ ನಕ್ಕಳು. ಕಣ್ಣಲ್ಲಿ ನೀರು, ಬಾಯಿ ತುಂಬ ನಗು. ಎರಡೂ ಕೈ ಮಡಿಲಲ್ಲೇ ಇದ್ದವು.

ವೀರೇಶ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ, "ಜೋಡಿ ಕಾಳು ಹುಡುಕಿ ತಂದಿದೀನಿ. ಇನ್ನಾದ್ರೂ ಬಾಗಿಲು ತೆಗೀತೀರಾ?"

"ಏನ್ರೋ ಅದು ಗುಸುಗುಸು? ಜೋರಾಗಿ ಹೇಳಿ!" ಎಂದರು ಅಜ್ಜಿ. "ಹಲ್ಲು ಹೊಸದು, ಕಿವಿ ಹಳೇದೇ."

ಕೀರ್ತನಾ ಚಿಪ್ಪಿನ ಡಬ್ಬಿ ಮುಚ್ಚಿ ಅವನ ಅಂಗೈಯಲ್ಲಿಟ್ಟು, ಮೇಲೆ ತನ್ನ ಕೈ ಇಟ್ಟಳು.

"ಇದನ್ನ ಲ್ಯಾಬಿಗೆ ವಾಪಸ್ ತಗೊಂಡು ಹೋಗಿ," ಎಂದಳು ಅಜ್ಜಿಗೂ ಕೇಳುವ ಹಾಗೆ. "ನಾನೂ ಬರ್ತೀನಿ."