ಟೀ ಜರಡಿ ಮೈಕು

"ತಗೊಳ್ರೀ ನಿಮ್ಮ ಮೈಕು! ನನಗೆ ಬೇಡ!"

ಶೋಭಿತಾ ಬ್ಯಾಗಿನಿಂದ ಮೈಕು ತೆಗೆದು ಮೇಜಿನ ಮೇಲೆ ಕುಕ್ಕಿದಳು. ಅಲ್ಲಿದ್ದ ಸ್ಕ್ರೂ, ತಂತಿ, ಸಣ್ಣ ಪುಟ್ಟ ಬಿಡಿಭಾಗಗಳೆಲ್ಲ ಒಮ್ಮೆ ನೆಗೆದು ಕೂತವು.

ಬೆಸುಗೆ ಹಾಕುತ್ತಿದ್ದ ಸಿದ್ದೇಶ ತಲೆ ಎತ್ತಿದ. "ಮೆತ್ತಗೆ ಇಡ್ರೀ... ಅದೇನು ರಾಗಿ ಮೂಟೆನಾ?"

ಅಬ್ಬಾ! ಮೊದಲ ಸಲ ಮುಖ ನೋಡುತ್ತಿರುವುದು. ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ, ರಾಗಿ ಮೂಟೆಯಂತೆ!

ಮದ್ದೂರಿನಲ್ಲಿ ಸಿದ್ದೇಶ್ ಅಂತ ಒಬ್ಬರು ಮನೆಯಲ್ಲೇ ಮೈಕು ತಯಾರಿಸ್ತಾರೆ, ಮಳವಳ್ಳಿಯ ಐ.ಟಿ.ಐ.ನಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು, ಕೈಕೆಲಸ ಅಂದ್ರೆ ಕೈಕೆಲಸ ಅಂತ ಹೊಗಳಿ ಹೊಗಳಿ ಈ ಮೈಕು ತಂದುಕೊಟ್ಟವಳು ಗೆಳತಿ ಸುನಿತಾ. ಅವಳಿಗೆ ಆಮೇಲೆ ಇದೆ!

"ಆನ್ ಮಾಡಿದ್ರೆ ಗುಂಯ್ ಅಂತ ಒಂದೇ ಸಮ ಗುಂಯ್‌ಗುಟ್ಟುತ್ತೆ. ನಾನು ಕಥೆ ಓದ್ಲಾ, ಇದರ ಸಂಗೀತ ಕೇಳ್ಲಾ?"

"ಯಾವೂರು ನಿಮ್ಮದು?"

"ಇದೇ ತಾಲೂಕಿನ ಕೊಪ್ಪ. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ಅಲ್ಲೆಲ್ಲ ಹಳೇ ಮನೆ. ಅರ್ಥಿಂಗ್ ಇರಲ್ಲ. ತಪ್ಪು ಮೈಕಿಂದಲ್ಲ, ನಿಮ್ಮನೆ ಕರೆಂಟಿಂದು."

ಅಷ್ಟು ಹೇಳಿ ಅವನು ಮತ್ತೆ ಬೆಸುಗೆಗೆ ಬಗ್ಗಿದ. ಶೋಭಿತಾಳ ಮೈ ಉರಿದುಹೋಯಿತು. ಅವಳಿಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಇವನೋ, ಆ ಮೂಗನ್ನೇ ಹಿಡಿದು ಎಳೆಯುವ ಜಾತಿ!

ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ದೇವಿರಮ್ಮನ ಗಂಟಲು ಕೇಳಿಸಿತು.

"ಲೇ ಸಿದ್ದಾ! ಟೀ ಸೋಸೋ ಜರಡಿ ಎಲ್ಲಲಾ? ಇದು ಮೂರ್ನೇದು ಕಣ್ಲಾ ಮಾಯ ಆಗಿರೋದು! ಮನೆಗೆ ಬಂದೋರ್ಗೆ ಸೆರಗಲ್ಲಿ ಸೋಸಿ ಕೊಡ್ಲಾ?"

ಶೋಭಿತಾ ಮೈಕನ್ನು ನೋಡಿದಳು. ಅದರ ತಲೆಗೆ ಕವಚದಂತೆ ಕೂತಿದ್ದದ್ದು ಸ್ಟೀಲಿನ ಜರಡಿ! ನಗು ಉಕ್ಕಿ ಬಂತು. ಕಷ್ಟಪಟ್ಟು ನುಂಗಿದಳು. ನಕ್ಕರೆ ಜಗಳ ಸೋತಂತೆ.

ಸಿದ್ದೇಶ ಕಿವಿ ಕೆಂಪಗೆ ಮಾಡಿಕೊಂಡು ಹೆಡ್‌ಫೋನ್ ಹಾಕಿಕೊಂಡ. "ಒಂದೆರಡು ಸಾಲು ಓದಿ, ನೋಡೋಣ."

ಓದಿದಳು. ಅವನು ಕಣ್ಣುಮುಚ್ಚಿ ಕೇಳಿದ. ಆಮೇಲೆ ನಿಧಾನವಾಗಿ ಅಂದ, "ನಿಮ್ದು ದಪ್ಪ ದನಿ. ಈ ಕ್ಯಾಪ್ಸೂಲ್ ಆಗಲ್ಲ."

ದಪ್ಪ ದನಿ...

ಶಾಲೆಯಲ್ಲಿದ್ದಾಗಿನಿಂದ ಅವಳನ್ನು ಬೆನ್ನು ಹತ್ತಿದ ಮಾತು ಅದು. ಹೋದ ವರ್ಷ ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು, ಕೈ ತೊಳೆದು, "ಹುಡುಗಿ ಲಕ್ಷಣವಾಗವ್ಳೆ, ಬಾಯಿ ಬಿಟ್ರೆ ಗಂಡಸು ಕರ್ದಂಗಾಯ್ತದೆ" ಅಂದು ಎದ್ದು ಹೋಗಿದ್ದರು. ಅಂಥ ಧ್ವನಿಯನ್ನು ಈಗ, ಇಪ್ಪತ್ತಾರನೇ ವಯಸ್ಸಿನಲ್ಲಿ, ಮೊದಲ ಬಾರಿಗೆ ಯಾರೋ ಬೇಕು ಅಂದಿದ್ದರು! ಕಥೆಗಳನ್ನು ಓದಿ ಕೇಳಿಸುವ ಒಂದು ಆ್ಯಪ್‌ನವರು ನಲವತ್ತು ಕಂತಿನ ಧಾರಾವಾಹಿಗೆ ಅವಳನ್ನು ಆರಿಸಿದ್ದರು. ಆದರೆ ಒಂದು ಷರತ್ತು. ಮನೆಯಿಂದಲೇ ಸ್ವಚ್ಛವಾಗಿ ರೆಕಾರ್ಡ್ ಮಾಡಿ ಮಾದರಿ ಕಳಿಸಬೇಕು. ಮೂರು ಅವಕಾಶ, ಅಷ್ಟೇ.

"ದನಿ ಹೇಗಿದೆ ಅಂತ ನಿಮ್ಮನ್ನ ಕೇಳ್ಲಿಲ್ಲ," ಎಂದಳು ಬಿಗಿಯಾಗಿ. "ಮೈಕು ಸರಿಮಾಡಿ ಸಾಕು."

ಅವನು ಕೈಯಲ್ಲಿದ್ದ ಕೆಲಸ ಬದಿಗಿಟ್ಟು ಎದ್ದ.

ಬೀರು ತೆರೆದು ಹತ್ತಿಯಲ್ಲಿ ಸುತ್ತಿಟ್ಟಿದ್ದ ನಾಣ್ಯದಂಥದ್ದೊಂದನ್ನು ತೆಗೆದ. ಅದೇ ಕ್ಯಾಪ್ಸೂಲ್, ಮೈಕಿನ ಕಿವಿ. ಗುಂಯ್‌ಗುಡದಂತೆ ಮೈಕಿನೊಳಗೆ ತಾಮ್ರದ ಹಾಳೆ ಸುತ್ತಿದ, ಹಳೇ ಕಿವಿ ಕಿತ್ತು ಹೊಸದನ್ನು ಕೂರಿಸಿದ. ಮುಗಿಯಲು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯೂ ಶೋಭಿತಾ ಎದುರಿಗೇ ಕೂತು ಬೈದಳು. ಕೆಲಸ ತಿಳಿದವರು ಹೀಗಾ ಮಾಡೋದು, ಸ್ಕೂಟರಿಗೆ ಪೆಟ್ರೋಲ್ ಯಾರಪ್ಪನ ಮನೆಯದು, ಎಲ್ಲವೂ ಬಂತು.

ಕೊನೆಗೆ ಮೈಕಿನ ಒಂದು ಬದಿಗೆ ಕೆಂಪು ಚುಕ್ಕೆ ಇಟ್ಟುಕೊಟ್ಟ. "ಇದು ಒಂದು ಕಡೆಯಿಂದ ಮಾತ್ರ ಕೇಳಿಸ್ಕೊಳ್ಳೋದು. ಚುಕ್ಕೆ ಇರೋ ಕಡೆ ಮುಖ ಇಟ್ಟು ಓದಿ. ಹಿಂದೆ ಏನೇ ಸದ್ದಾದ್ರೂ ಬರಲ್ಲ."

ಮನೆಗೆ ಬಂದು ಹಚ್ಚಿದರೆ ಗುಂಯ್ ಅನ್ನುವುದು ನಿಂತಿತ್ತು. ಸದ್ಯ! ಅವಳು ಓದಿ, ಕಳಿಸಿ, ಕಾದಳು.

ಎರಡು ದಿನಕ್ಕೆ ಉತ್ತರ ಬಂತು. "ದೂರದಿಂದ ಓದಿದಂತಿದೆ. ಮನೆಯ ಸದ್ದು ಹೆಚ್ಚು. ಮತ್ತೆ ಪ್ರಯತ್ನಿಸಿ."

ಫೋನ್ ಮಾಡಿದಳು. "ಕೇಳ್ರೀ! ಮನೆ ಸದ್ದು ಬರ್ತಿದ್ಯಂತೆ!"

"ಮನೇಲಿ ಸದ್ದಿದ್ರೆ ಬರುತ್ತೆ," ಎಂದ ಸಿದ್ದೇಶ. "ನನ್ನ ಮೈಕು ಸರಿಯಾಗೇ ಇದೆ."

ಒಂದೇ ಒಂದು ಸಲ "ನೋಡ್ತೀನಿ, ನನ್ನ ತಪ್ಪಿರಬಹುದು" ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅಂದಿನಿಂದ ಕೊಪ್ಪದ ಆ ಮನೆಯಲ್ಲಿ ಕರ್ಫ್ಯೂ ಶುರುವಾಯಿತು. ಮಿಕ್ಸಿ ಬಂದ್. ಟಿವಿ ಬಂದ್. ಎಮ್ಮೆಯನ್ನು ಪಕ್ಕದ ಮನೆಯ ಕೊಟ್ಟಿಗೆಗೆ ಗಡಿಪಾರು ಮಾಡಿದ್ದಾಯಿತು.

"ಕುಕ್ಕರ್ ಕೂಗ್ದಂಗೆ ಬೇಯ್ಸು ಅಂದ್ರೆ ಎಂಗವ್ವ ಬೇಯ್ಸದು?" ಎಂದರು ತಾಯಿ ನಾಗಮಣಿ.

"ನಂಗೊತ್ತಿಲ್ಲ ಅಮ್ಮಾ! ಬೇಯ್ಸಬೇಡ!"

"ನಾನು ಕೆಮ್ಮಕ್ಕೆ ಕಬ್ಬಿನ ಗದ್ದೆಗೆ ಓಯ್ತೀನಿ ಬುಡು," ಎಂದು ತಂದೆ ಕೆಂಪರಾಜು ಟವೆಲ್ ಹೆಗಲಿಗೆ ಹಾಕಿದರು. ತಮಾಷೆಯಲ್ಲ, ನಿಜವಾಗಿಯೂ ಹೋದರು!

ಎರಡು ವಾರ ಕಳೆದು ಎರಡನೇ ಮಾದರಿಯೂ ವಾಪಸ್ ಬಂತು. "ಹಿಂದೆ ಯಾರೋ ಮಾತಾಡುತ್ತಿದ್ದಾರೆ. ಕೊನೆಯ ಅವಕಾಶ, ಶನಿವಾರ ಸಂಜೆ ಐದರೊಳಗೆ."

ಶೋಭಿತಾ ತಾಯಿಯ ಮೇಲೆ ಹರಿಹಾಯ್ದಳು. "ಎರಡು ನಿಮಿಷ ಬಾಯಿ ಮುಚ್ಕೊಂಡಿರಕ್ಕೆ ಆಗಲ್ವಾ ನಿಂಗೆ?" ನಾಗಮಣಿ ಒಳಗೆ ಹೋದರು.

ಇತ್ತ ಸಿದ್ದೇಶನಿಂದ ದಿನಾ ಒಂದು ಮೆಸೇಜು. "ಈಗ ಹೇಗಿದೆ?" ಅಣಕಿಸ್ತಾನಾ? ಅವಳು ಒಂದಕ್ಕೂ ಉತ್ತರಿಸಲಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಮೆಸೇಜು ಬಂದಿದೆಯಾ ಅಂತ ನೋಡುವುದನ್ನೂ ಬಿಡಲಿಲ್ಲ, ಅದು ಬೇರೆ ವಿಷಯ!

ಶನಿವಾರ ಮಧ್ಯಾಹ್ನ. ತನ್ನ ದನಿ ತಾನೇ ಕೇಳಲಾಗದೆ ಇಲ್ಲಿಯವರೆಗೆ ಕಳಿಸಿದ್ದನ್ನು ಅವಳು ಕೇಳಿರಲೇ ಇಲ್ಲ. ಕೊನೆಯ ಸಲ ಓದುವ ಮೊದಲು ಹಳೆಯ ರೆಕಾರ್ಡಿಂಗ್‌ನಲ್ಲಿ ಅದೇನು ಸದ್ದು ನೋಡಿಯೇಬಿಡೋಣ ಅಂತ ಶೋಭಿತಾ ಹೆಡ್‌ಫೋನ್ ಹಾಕಿ ಸದ್ದು ಪೂರ್ತಿ ಏರಿಸಿದಳು.

ಅವಳ ಓದು ಎಲ್ಲೋ ಬಾವಿಯೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಅದರ ನಡುವೆ, ಕಿವಿಯ ಪಕ್ಕದಲ್ಲೇ ಅನ್ನುವಷ್ಟು ಸ್ಪಷ್ಟವಾಗಿ, ಅಮ್ಮನ ಪಿಸುಮಾತು.

"ಸದ್ದು ಮಾಡ್ಬ್ಯಾಡಿ ಕಣ್ರೀ... ಮಗಿಗೆ ಮೊದಲ್ನೇ ಸಲ ಯಾರೋ ದನಿ ಚೆಂದಾಗದೆ ಅಂದವ್ರೆ. ಗಂಡಿನೋರು ಅಂಗಂದು ಎದ್ದೋದ್ಮೇಲೆ ತಿಂಗ್ಳುಗಟ್ಲೆ ಬಾಯೇ ಬುಡ್ಲಿಲ್ಲ ಅದು..."

ಶೋಭಿತಾಳ ಕಣ್ಣು ತುಂಬಿ ಬಂತು. ಅಯ್ಯೋ ಅಮ್ಮಾ... ನಿನಗೆ ಬೈದ್ನಲ್ಲ ನಾನು!

ಎದ್ದು ಅಡುಗೆಮನೆಗೆ ಓಡಿ ತಾಯಿಯನ್ನು ಹಿಂದಿನಿಂದ ಗಟ್ಟಿಯಾಗಿ ತಬ್ಬಿಕೊಂಡಳು. "ಏನವ್ವ? ಏನಾಯ್ತು? ಕುಕ್ಕರ್ ಇಟ್ಟಿಲ್ಲ ಕಣವ್ವ!" ಎಂದು ನಾಗಮಣಿ ಗಾಬರಿಯಾದರು.

ಆಗಲೇ ಶೋಭಿತಾಳಿಗೆ ಹೊಳೆಯಿತು. ಅಡುಗೆಮನೆ ಇರುವುದು ಮೈಕಿನ ಹಿಂದೆ. ತನ್ನ ಬಾಯಿ ಇದ್ದದ್ದು ಮೈಕಿನ ಮುಂದೆ, ಗೇಣು ದೂರದಲ್ಲಿ. ಗೇಣು ದೂರದ ಮಾತು ಕೇಳದೆ, ಗೋಡೆಯಾಚೆಯ ಪಿಸುಮಾತು ಕೇಳಿದೆ ಅಂದರೆ...

"ಉಲ್ಟಾ ಕೂರ್ಸಿದಾನೆ ಅಮ್ಮಾ! ಕಿವೀನ ಉಲ್ಟಾ ಕೂರ್ಸಿದಾನೆ ಆ ಮೇಷ್ಟ್ರು!"

ಸ್ಕೂಟರ್ ಮದ್ದೂರಿನತ್ತ ಹಾರಿತು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದನ್ನು ದಾಟುವಾಗಲೂ ಒಂದೊಂದು ಹೊಸ ಬೈಗುಳ ಸಿದ್ಧವಾಗುತ್ತಿತ್ತು.

"ಬಿಚ್ಚಿ!" ಎಂದಳು ಬಾಗಿಲಲ್ಲೇ.

ಸಿದ್ದೇಶ ಜರಡಿ ಬಿಚ್ಚಿ ಒಳಗೆ ನೋಡಿದ. ಅವನ ಮುಖ ಬಿಳುಚಿಕೊಂಡಿತು.

"ಮಾತಾಡಿ! ಈಗ ಯಾರ ಮನೆ ತಪ್ಪು? ನಮ್ಮಪ್ಪ ಕೆಮ್ಮಕ್ಕೆ ಗದ್ದೆಗೆ ಹೋಗಿದ್ರು ಕಣ್ರೀ! ನಮ್ಮಮ್ಮನ್ನ ಬಾಯಿಗೆ ಬಂದಂಗೆ ಬೈದೆ! ಎರಡು ಅವಕಾಶ ನೀರಿಗೆ ಹೋಯ್ತು! ಮಕ್ಕಳಿಗೆ ಪಾಠ ಹೇಳೋ ಮೇಷ್ಟ್ರು, ಹಿಂದು ಮುಂದು ಗೊತ್ತಾಗಲ್ವಾ ನಿಮಗೆ?"

"ಗೊತ್ತಾಗುತ್ತೆ," ಎಂದ ಅವನು ಕುಗ್ಗಿದ ದನಿಯಲ್ಲಿ. "ಐವತ್ತರ ಮೇಲೆ ಮೈಕು ಮಾಡಿದೀನಿ. ಒಂದನ್ನೂ ಹೀಗೆ ಕೂರ್ಸಿಲ್ಲ. ತಪ್ಪು ನಂದೇ, ಶೋಭಿತಾ. ಪೂರ್ತಿ ನಂದೇ."

"ಮತ್ತೆ ನನ್ನ ಮೈಕಿಗೇ ಯಾಕೆ ಹಿಂಗಾಯ್ತು?"

ಸಿದ್ದೇಶ ಸ್ಕ್ರೂಡ್ರೈವರ್ ತಿರುಗಿಸುತ್ತಾ ನಿಂತ. "ಅವತ್ತು ಕೈಯಲ್ಲಿ ಕೆಲಸ ಇತ್ತು... ಜ್ಞಾನ ನಿಮ್ಮ ದನಿ ಮೇಲಿತ್ತು. ನೀವು ಬೈತಾನೇ ಇದ್ರಿ. ಕೆಲಸ ಮುಗಿದ್ರೆ ಎದ್ದು ಹೋಗ್ತೀರಲ್ಲ ಅನ್ನಿಸ್ತಿತ್ತು."

ಶೋಭಿತಾ ದಂಗಾದಳು. "ದಪ್ಪ ದನಿ ಅಂದ್ರಿ ನೀವು!"

"ಹೌದು. ಚಿಕ್ಕ ಕ್ಯಾಪ್ಸೂಲಲ್ಲಿ ನಿಮ್ಮ ದನಿ ಅರ್ಧಾನೂ ಸಿಕ್ತಿರ್ಲಿಲ್ಲ. ಅಷ್ಟು ಒಳ್ಳೇ ದನೀನ ಅರ್ಧ ಕತ್ತರಿಸಿ ಕಳಿಸಕ್ಕೆ ಮನಸ್ಸು ಬರ್ಲಿಲ್ಲ. ನಂಗೆ ಅಂತ ಎರಡು ವರ್ಷದಿಂದ ಎತ್ತಿಟ್ಟಿದ್ದ ಕ್ಯಾಪ್ಸೂಲ್ ಅದು. ನಿಮಗೆ ಹಾಕ್ದೆ."

ದಾರಿಯಲ್ಲಿ ಜೋಡಿಸಿಕೊಂಡು ಬಂದ ಬೈಗುಳಗಳಲ್ಲಿ ಉಳಿದವೆಲ್ಲ ಮರೆತೇಹೋದವು.

"ಒಂದು ಕೇಳ್ಲಾ?" ಎಂದ ಸಿದ್ದೇಶ. "ಉಲ್ಟಾ ಅಂತ ಮನೇಲೇ ಗೊತ್ತಾಯ್ತಲ್ಲ. ಮೈಕನ್ನ ತಿರುಗಿಸಿಟ್ಟು ಓದಿದ್ರೆ ಮುಗೀತಿತ್ತು. ಇಷ್ಟು ದೂರ ಯಾಕೆ ಬಂದ್ರಿ?"

ಹೌದಲ್ಲ... ಯಾಕೆ ಬಂದೆ?

ಇಪ್ಪತ್ತು ದಿನದಿಂದ ಊಟ ಮಾಡುವಾಗ, ನೀರು ಸೇದುವಾಗ, ಎಲ್ಲ ಹೊತ್ತಿನಲ್ಲೂ ಇವನ ಜೊತೆಗೇ ಜಗಳ ಆಡುತ್ತಿದ್ದೆನಲ್ಲ. ಬರೀ ಸಿಟ್ಟಾಗಿದ್ದರೆ ಇಷ್ಟು ದಿನ ಬರುತ್ತಿತ್ತಾ?

"ಟೈಮ್ ಎಷ್ಟು?" ಎಂದಳು, ಬೇರೆ ಕಡೆ ನೋಡುತ್ತಾ.

"ನಾಲ್ಕು ಹತ್ತು."

"ಇಲ್ಲೇ ಓದ್ತೀನಿ. ಬೇಗ ಸರಿಮಾಡಿ. ನಾನು ಬಾಯಿ ಬಿಡಲ್ಲ, ಕೆಲಸದ ಮೇಲೆ ಜ್ಞಾನ ಇರ್ಲಿ!"

ಕ್ಯಾಪ್ಸೂಲ್ ನೆಟ್ಟಗೆ ಕೂತಿತು. ಕಿಟಕಿಗೆ ಜಮಖಾನ, ಬಾಗಿಲಿಗೆ ಹಾಸಿಗೆ ಬಂತು. ದೇವಿರಮ್ಮ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. "ಓದು ಕಣವ್ವ, ಯಾವನು ಆರನ್ ಹೊಡೀತಾನೋ ನಾನೂ ನೋಡ್ತೀನಿ!"

ಶೋಭಿತಾ ಓದಿದಳು. ತಗ್ಗಿಸಲಿಲ್ಲ, ತೆಳು ಮಾಡಲಿಲ್ಲ, ದೇವರು ಕೊಟ್ಟ ದಪ್ಪ ದನಿಯಲ್ಲೇ ಓದಿದಳು. ಹೆಡ್‌ಫೋನ್ ಹಾಕಿದ್ದ ಸಿದ್ದೇಶ ಕಣ್ಣು ಮುಚ್ಚಿಕೊಂಡವನು ಅವಳು ಮುಗಿಸಿದ ಮೇಲೂ ತೆರೆಯಲಿಲ್ಲ. ನಾಲ್ಕು ಐವತ್ತೆರಡಕ್ಕೆ ಮಾದರಿ ಹೋಯಿತು.

ದೇವಿರಮ್ಮ ಕೊಟ್ಟ ಟೀ ಇಬ್ಬರ ಲೋಟದಲ್ಲೂ ಆರಿಹೋಯಿತು. ಐದೂಮುಕ್ಕಾಲಿಗೆ ಫೋನ್ ಟಿಂಗ್ ಅಂತು. ಶೋಭಿತಾ ತೆಗೆದು ಓದಿದಳು.

"ಏನಂತೆ?" ಸಿದ್ದೇಶ ಎದ್ದು ನಿಂತ. "ಶೋಭಿತಾ, ಏನಂತೆ ಹೇಳಿ!"

"ಆಯ್ಕೆ ಆಗಿದೆ... ನಲವತ್ತು ಕಂತೂ ನಂದೇ!" ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು. "ಆದ್ರೆ ಒಂದು ದೂರು ಇದೆ."

"ಮತ್ತೆ ಏನ್ರೀ?"

"ಕೊನೇ ಸಾಲು ಮುಗಿದ ಮೇಲೆ ಯಾರೋ ಗಂಡಸು ನಿಟ್ಟುಸಿರು ಬಿಟ್ಟಿದ್ದಾರಂತೆ. ಅದನ್ನ ತೆಗೆದು ಕಳಿಸ್ಬೇಕಂತೆ."

ಸಿದ್ದೇಶನ ಮುಖ ಕೆಂಪಾಯಿತು. "ಕೊಡಿ, ಅಳಿಸ್ತೀನಿ. ಒಂದು ನಿಮಿಷದ ಕೆಲಸ."

"ಅವರ ಪ್ರತೀಲಿ ಅಳಿಸಿ," ಎಂದು ಶೋಭಿತಾ ಫೋನನ್ನು ಎದೆಗೊತ್ತಿಕೊಂಡಳು. "ನನ್ನ ಹತ್ರ ಇರೋದ್ರಲ್ಲಿ ಬೇಡ."

"ಯಾಕೆ?"

"ಅದು ನಂದು."