ಹುಲ್ಲುಹಾಸಿನ ಸುಟ್ಟ ಕಲೆಗಳು

ಮಡಿಲ ಮೇಲೆ ಹೊದಿಸಿದ್ದ ಶಾಲನ್ನು ಎತ್ತಿದಾಗ ಆರೈಕೆಯ ಹುಡುಗಿಗೆ ಮೇಷ್ಟ್ರ ಕಾಲುಗಳೇ ಕಾಣಿಸಲಿಲ್ಲ. ಕಂಡದ್ದು ಕೆಂಪಿರುವೆ. ಪಾದದಿಂದ ತೊಡೆಯವರೆಗೆ, ಅಳತೆ ತೆಗೆದು ಹೊಲಿದ ಬಟ್ಟೆಯ ಹಾಗೆ ಮೆತ್ತಿಕೊಂಡಿದ್ದವು.

ಮೇಷ್ಟ್ರ ತಲೆ ಒಂದು ಪಕ್ಕಕ್ಕೆ ವಾಲಿತ್ತು. ತುಟಿ ಊದಿತ್ತು. ಹುಡುಗಿ ಕಿಟಾರನೆ ಕಿರುಚಿದಳು. ಗಾಲಿಕುರ್ಚಿಯನ್ನು ಹುಲ್ಲಿನಿಂದ ಕಲ್ಲುಹಾದಿಗೆ ಎಳೆದು, ಬರಿಗೈಯಲ್ಲೇ ಇರುವೆಗಳನ್ನು ಬಾಚಿ ಬಾಚಿ ಎಸೆದಳು. ಆಂಬುಲೆನ್ಸ್ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮೇಷ್ಟ್ರು ಶಾಲೆಯಲ್ಲಿ ಓಟ ಕಲಿಸುತ್ತಿದ್ದವರು. ನಿವೃತ್ತಿಯಾದ ಮೇಲೆ ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದ ಕೆಳಗೆ ಸ್ಪರ್ಶವೇ ಇರಲಿಲ್ಲ. ಕಾಲಿಗೆ ಬೆಂಕಿ ತಗುಲಿದರೂ ತಿಳಿಯದ ಸ್ಥಿತಿ, ಅದರ ಮೇಲೆ ಬೆಳಗಿನ ಮಾತ್ರೆಯ ಮಂಪರು. ಇರುವೆಯ ನಂಜು ಮೈಗೇರಿ, ಗಂಟಲು ಕಟ್ಟಿ ಉಸಿರು ನಿಂತಿದೆ ಎಂದು ಡಾಕ್ಟರು ಹೇಳಿದರು.

ಸಾವು ಹೇಗಾಯಿತು ಎಂಬುದರಲ್ಲಿ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಬೇರೆಯ ಕಡೆ. ಕುರ್ಚಿ ನಿಂತಿದ್ದ ಜಾಗದಲ್ಲಿ ಮೊದಲು ಇರುವೆಗೂಡೇ ಇರಲಿಲ್ಲ! ಹಾಗಾದರೆ ಅದು ಅಲ್ಲಿಗೆ ಬಂದದ್ದು ಹೇಗೆ? ಯಾರಾದರೂ ತಂದು ಹಾಕಿದರೇ?

ಮೇಷ್ಟ್ರ ಮಗ ವಕೀಲ. ಅಂದು ಸಂಜೆಯೇ ದೂರು ಕೊಟ್ಟ. "ಅಪ್ಪನ್ನ ಲಾನ್ ಮೇಲೆ ಕೂರಿಸಬೇಡ ಅಂತ ಅವಳಿಗೆ ಸಾರಿ ಸಾರಿ ಹೇಳಿದ್ದೆ. ಇದು ಮರೆವಲ್ಲ. ಬೇಕಂತಲೇ ಮಾಡಿದ್ದಾಳೆ." ಹುಡುಗಿಯನ್ನು ಠಾಣೆಗೆ ಕರೆತಂದು ಕೂರಿಸಿದರು.

ನಾನು ಪೊಲೀಸ್ ಇಲಾಖೆಯ ಫೋಟೋಗ್ರಾಫರ್. ಮರುದಿನ ನಮ್ಮ ಇನ್‌ಸ್ಪೆಕ್ಟರ್ ಮೇಡಂ ರಜೆ ಮುಗಿಸಿಕೊಂಡು ಬಂದವರೇ, ನಾನು ತೆಗೆದ ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತರು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಎದ್ದರು.

"ಕ್ಯಾಮೆರಾ ತಗೊಳ್ಳಿ. ಮೊದಲು ಆ ಹುಡುಗೀನ ನೋಡೋಣ."

ಹುಡುಗಿ ಮೂಲೆಯ ಬೆಂಚಿನ ಮೇಲೆ ಮುದುಡಿಕೊಂಡಿದ್ದಳು. ಎರಡೂ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದಿದ್ದಳು. ಬೆರಳ ತುದಿಯಿಂದ ಮೊಣಕೈವರೆಗೆ ಬೊಕ್ಕೆ. ಒಂದೊಂದೂ ಸಾಸಿವೆಯಷ್ಟು, ತುದಿಯಲ್ಲಿ ಬಿಳಿ ಕೀವು.

"ಡಾಕ್ಟರಿಗೆ ತೋರಿಸಿದ್ರಾ?" ಮೇಡಂ ಪೇದೆಯತ್ತ ತಿರುಗಿ ಕೇಳಿದರು.

ಪೇದೆ ತಲೆ ತಗ್ಗಿಸಿದ.

"ಈಗಲೇ ಕರೆಸಿ." ಆಮೇಲೆ ಹುಡುಗಿಯ ಎದುರು ಕೂತರು. "ಲಾನ್ ಮೇಲೆ ಕೂರಿಸಬಾರದು ಅಂತ ನಿನಗೆ ಹೇಳಿದ್ರಾ?"

"ಹೇಳಿದ್ರು ಮೇಡಂ. ಇರುವೆಗೆ ಮದ್ದು ಹಾಕೋರು ಬಂದಿದ್ರಲ್ಲ, ಅವರೂ ಹೇಳಿದ್ರು, ಕೆಲವು ವಾರ ಆ ಕಡೆ ಹೋಗ್ಲೇಬೇಡಿ ಅಂತ."

"ಮತ್ತೆ?"

"ಮೇಷ್ಟ್ರು ದಿನಾ ಕೇಳೋರು. ಅವರಿಗೆ ಪಾದ ಹುಲ್ಲಿನ ಮೇಲಿರಬೇಕು. ಕಲ್ಲುಹಾದೀಲಿ ಕೂರಿಸಿದ್ರೆ ಮುಖ ಸಣ್ಣದಾಗ್ತಿತ್ತು. ನಿನ್ನೆ ಮೇಷ್ಟ್ರ ಹೆಂಡತಿ, ಅಮ್ಮ ಹೇಳಿದ್ರು, ಗೂಡೆಲ್ಲ ಸತ್ತುಹೋಗಿವೆ, ಒಂದು ಇರುವೆನೂ ಓಡಾಡ್ತಿಲ್ಲ ಅಂತ. ನಾನೂ ಹೋಗಿ ನೋಡಿದೆ. ಮೂರೂ ಗೂಡು ಚಪ್ಪಟೆಯಾಗಿದ್ವು. ಆದ್ರೂ ಭಯ. ಅವುಗಳಿಂದ ದೂರ, ಮರದ ಹತ್ರ ಕೂರಿಸಿದೆ. ಅಲ್ಲಿ ಗೂಡಿರ್ಲಿಲ್ಲ ಮೇಡಂ. ನಾನು ಯಾರ ಮೇಲೆ ಬೇಕಾದ್ರೂ ಆಣೆ ಮಾಡ್ತೀನಿ."

"ಬಿಟ್ಟು ಒಳಗೆ ಯಾಕೆ ಹೋದೆ?"

"ಹಾಲ್‌ನಲ್ಲಿ ಫೋನ್ ಬಡ್ಕೊಳ್ತಾನೇ ಇತ್ತು."

"ಯಾರ ಫೋನು?"

"ಮೇಷ್ಟ್ರ ಮಗಂದು. ಅಪ್ಪಂಗೆ ಮಾತ್ರೆ ಕೊಟ್ಯಾ ಅಂತ ಕೇಳಿದ್ರು. ಆಮೇಲೆ ಡಾಕ್ಟರ ಚೀಟಿ ಓದು ಅಂದ್ರು. ಹುಡುಕಿ ಓದಿದೆ."

ಮೇಡಂ ನನ್ನ ಮುಖ ನೋಡಿದರು. ಈ ವಿಷಯ ದೂರಿನಲ್ಲಿ ಇರಲಿಲ್ಲ.

ಮೇಷ್ಟ್ರ ಮನೆಯ ಮುಂದೆ ಮದ್ದು ಹೊಡೆಯುವ ಸಂಸ್ಥೆಯ ಮಾಲೀಕ ಆಗಲೇ ಬಂದು ಕಾಯುತ್ತಿದ್ದ. ಕೊರಳಪಟ್ಟಿ ಬೆವರಿನಿಂದ ಒದ್ದೆಯಾಗಿತ್ತು.

"ನನ್ನ ತಲೆ ಮೇಲೆ ಗೂಬೆ ಕೂರಿಸಬೇಡಿ ಮೇಡಂ. ಮದ್ದು ಅಸಲಿದೇ. ಆದ್ರೆ ಇರುವೆ ಏನು ನಮ್ಮ ಸಂಬಳದ ಆಳೇ, ಹೇಳಿದ ದಿನಾನೇ ಸಾಯೋಕೆ?"

"ನಾನಿನ್ನೂ ಏನೂ ಕೇಳೇ ಇಲ್ಲ. ಮದ್ದು ಹೇಗೆ ಕೆಲಸ ಮಾಡುತ್ತೆ, ಅದನ್ನ ಹೇಳಿ."

"ಕಾಳು ಕಾಳಾಗಿರುತ್ತೆ. ಗೂಡಿನ ಸುತ್ತ ಚೆಲ್ತೀವಿ. ಇರುವೆ ತಿಂಡಿ ಅಂದ್ಕೊಂಡು ಒಳಗೆ ಹೊತ್ಕೊಂಡು ಹೋಗಿ ರಾಣಿಗೆ ತಿನ್ನಿಸುತ್ತೆ. ರಾಣಿ ಸತ್ರೆ ಸಂಸಾರ ಮುಗೀತು. ಆದ್ರೆ ಅದಕ್ಕೆ ವಾರಗಳು ಬೇಕು. ಅಲ್ಲೀವರೆಗೆ ಗೂಡು ಕೆದಕಬಾರದು, ನೀರು ಬಿಡಬಾರದು."

"ಬಿಟ್ರೆ?"

"ಕಾಳು ನೆಂದರೆ ಅದನ್ನ ಮೂಸೂ ನೋಡಲ್ಲ. ಗೂಡಿಗೆ ಗಲಾಟೆ ಆದ್ರೆ ರಾಣೀನ ಕರ್ಕೊಂಡು ಬೇರೆ ಕಡೆ ಮನೆ ಮಾಡ್ತಾವೆ. ಆದ್ರೆ ಈಚೆಗೆ ಮಳೇನೇ ಬಂದಿಲ್ಲವಲ್ಲ ಮೇಡಂ!"

"ನಿಮ್ಮ ಮದ್ದಿಗೆ ಹುಲ್ಲು ಸುಡುತ್ತಾ?"

"ಛೆ, ಛೆ! ಹುಲ್ಲಿಗೆ ಏನೂ ಆಗಲ್ಲ. ಅದಕ್ಕೇ ಅಲ್ವಾ ಜನ ನಮ್ಮನ್ನ ಕರೆಯೋದು?"

ನನಗೆ ಕಸಿವಿಸಿಯಾಯಿತು. ಹುಲ್ಲುಹಾಸು ಅಂಗೈಯಷ್ಟೂ ಕಳೆಯಿಲ್ಲದೆ ಹಸಿರಾಗಿತ್ತು. ಅದರ ನಡುವೆ, ಮೂರು ಹಳೆಯ ಗೂಡುಗಳ ಸುತ್ತ ಮಾತ್ರ, ಕಂದು ಬಣ್ಣದ ದುಂಡನೆಯ ಕಲೆಗಳಿದ್ದವು. ನಿನ್ನೆ ನಾನು ಅವುಗಳ ಚಿತ್ರ ತೆಗೆದು, ಹಿಂಬದಿಯಲ್ಲಿ 'ಮದ್ದಿನಿಂದ ಸುಟ್ಟ ಹುಲ್ಲು' ಎಂದು ಬರೆದಿದ್ದೆ. ಯಾರನ್ನೂ ಕೇಳಿರಲಿಲ್ಲ.

ಮೇಡಂ ಮಂಡಿಯೂರಿ ಒಂದು ಕಲೆಯೊಳಗೆ ಬೆರಳಾಡಿಸಿದರು. ಮದ್ದಿನ ಕಾಳುಗಳು ಅಲ್ಲೇ ಇದ್ದವು. ಉಬ್ಬಿ, ಒಂದಕ್ಕೊಂದು ಅಂಟಿ, ಆಮೇಲೆ ಒಣಗಿ ಗಟ್ಟಿಯಾಗಿದ್ದವು. ನೆಂದ ಮೇಲೆ ಒಂದನ್ನೂ ಇರುವೆ ಮುಟ್ಟಿರಲಿಲ್ಲ. ಅಲ್ಲಿಂದ ಮರದ ಕಡೆ ನಡೆದರು. ಕುರ್ಚಿಯ ಚಕ್ರದ ಗುರುತಿನ ಅಡಿಯಲ್ಲಿ, ಹುಲ್ಲಿನ ಬುಡದಲ್ಲಿ, ಹೊಸ ಪುಡಿಮಣ್ಣು. ಎತ್ತರವೇ ಇಲ್ಲ. ನಿಂತು ನೋಡಿದರೆ ಹುಲ್ಲು ಅದನ್ನು ಮುಚ್ಚಿಬಿಡುತ್ತಿತ್ತು.

"ಸಲಿಕೆಯಲ್ಲಿ ತಂದು ಸುರಿದಿದ್ರೆ ಮೇಲೆ ಗುಪ್ಪೆಯಾಗಿರ್ತಿತ್ತು," ಎಂದರು ಮೇಡಂ. "ಹುಲ್ಲು ಅಡಿಗೆ ಬಿದ್ದಿರ್ತಿತ್ತು. ಇಲ್ಲಿ ನೋಡಿ, ಎಸಳುಗಳ ನಡುವೆಯಿಂದ ಮಣ್ಣು ಮೇಲಕ್ಕೆ ಬಂದಿದೆ. ಇವು ತಾವಾಗಿಯೇ ಬಂದಿವೆ."

"ಯಾಕೆ ಬಂದವು?"

ಮೇಡಂ ಕೈಗೆ ಅಂಟಿದ ಮಣ್ಣು ಕೊಡವಿ ಮನೆಯತ್ತ ನಡೆದರು.

ಒಳಗೆ ಮಗ ನಿಂತೇ ಇದ್ದ. ಕೂರಲು ಹೇಳಿದರೂ ಕೂರಲಿಲ್ಲ.

"ನಿನ್ನೆ ಬೆಳಗ್ಗೆ ಮನೆಗೆ ಫೋನ್ ಮಾಡಿದ್ದು ನೀವಾ?" ಮೇಡಂ ಕೇಳಿದರು.

ಅವನ ಮುಖ ಬಿಳಚಿಕೊಂಡಿತು. "ಹೌದು. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಆ ಹುಡುಗಿ ಹೊರಗೆ ಹೋಗೋಕಾಗದೆ ನಿಂತಿದ್ದು ನಿಮ್ಮ ಜೊತೆ ಮಾತಾಡ್ತಾ. ದೂರಿನಲ್ಲಿ ಅದನ್ನ ಯಾಕೆ ಬಿಟ್ರಿ?"

ಅವನು ಕಿಟಕಿಯ ಕಡೆ ತಿರುಗಿದ. ಬೇರೆ ಯಾರದೋ ದನಿಯಲ್ಲಿ ಎಂದ: "ಚೀಟಿ ಓದೋಕೆ ನಾನು ಹೇಳಿರದಿದ್ರೆ ಅವಳು ಬೇಗ ವಾಪಸ್ ಹೋಗಿರ್ತಿದ್ಲು. ಆ ಯೋಚನೆ ನನ್ನನ್ನ ಮಲಗೋಕೆ ಬಿಡ್ತಿಲ್ಲ. ಆದ್ರೆ ಗೂಡು ನಾನು ಇಟ್ಟಿಲ್ಲ!"

"ನೀವು ಇಟ್ಟಿಲ್ಲ. ಗೊತ್ತು."

ಆಗ ಮೇಷ್ಟ್ರ ಹೆಂಡತಿ ಒಳಗಿನಿಂದ ಬಂದರು. ಗೋಡೆ ಹಿಡಿದುಕೊಂಡು, ಬಲಗಾಲನ್ನು ಎಳೆಯುತ್ತ. ಪಾದಕ್ಕೆ ಹಳೆಯ ಮೆತ್ತನೆಯ ಬಟ್ಟೆ ಸುತ್ತಿದ್ದರು. ಅತ್ತು ಅತ್ತು ಕಣ್ಣು ಬಾತಿದ್ದವು.

"ಕಾಲಿಗೆ ಏನಾಯ್ತಮ್ಮ?" ಮೇಡಂ ಎದ್ದು ಅವರನ್ನು ಹಿಡಿದು ಕೂರಿಸಿದರು.

"ನನಗೂ ಕಚ್ಚಿದವು. ಮೊನ್ನೆ." ಅವರು ಮಗನ ಕಡೆ ಒಮ್ಮೆ ನೋಡಿದರು. "ಹಾಳಾದ್ದು ಇರುವೆ."

"ಎಲ್ಲಿ, ನೋಡೋಣ. ಕೀವಾದ್ರೆ ಕಷ್ಟ."

ಬೇಡವೆನ್ನುವ ಮೊದಲೇ ಮೇಡಂ ನೆಲದ ಮೇಲೆ ಕೂತು, ಆ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬಟ್ಟೆ ಬಿಚ್ಚಿದರು. ನಾನೂ ನೋಡಿದೆ. ಸಾಸಿವೆಯಂಥ ಬೊಕ್ಕೆ ಅಲ್ಲಿ ಒಂದೂ ಇರಲಿಲ್ಲ. ಹೆಬ್ಬೆರಳಿನಿಂದ ಮೇಲ್ಪಾದದವರೆಗೆ ಒಂದೇ ಒಂದು ಅಗಲವಾದ ಬೊಬ್ಬೆ. ಒಂದು ಅಂಚಿನಲ್ಲಿ ಚರ್ಮ ಸುಲಿದು ಕೆಂಪಾಗಿತ್ತು.

ಮೇಡಂ ಆ ಬಟ್ಟೆಯನ್ನು ಮತ್ತೆ ಸುತ್ತಿದರು. ನಿಧಾನವಾಗಿ. ಮುಗಿಯದಿರಲಿ ಎನ್ನುವಷ್ಟು ನಿಧಾನವಾಗಿ.

"ಅಮ್ಮನ ಜೊತೆ ನಾನು ಒಬ್ಬಳೇ ಮಾತಾಡಬೇಕು," ಎಂದರು.

"ಏನಿದ್ರೂ ನನ್ನ ಎದುರಿಗೇ ಆಗಲಿ," ಎಂದ ಮಗ.

"ಬೇಡ. ನನ್ನ ಮಾತು ಕೇಳಿ, ಹೊರಗೆ ಹೋಗಿ."

"ಅವನು ಇರಲಿ," ಎಂದರು ತಾಯಿ. "ನನ್ನದೇನು ಗುಟ್ಟಿದೆ?"

ಮೇಡಂ ಕಣ್ಣು ಮುಚ್ಚಿ ತೆರೆದರು. ಠಾಣೆಯ ಬೆಂಚಿನ ಮೇಲೆ ಮುದುಡಿದ್ದ ಆ ಹುಡುಗಿ ಅವರ ಕಣ್ಣ ಮುಂದೆ ಬಂದಿರಬೇಕು. ಇಲ್ಲದಿದ್ದರೆ ಅವರು ಈ ಮಾತನ್ನು ಆಡುತ್ತಿರಲಿಲ್ಲ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

"ಕೆಂಪಿರುವೆ ಕಚ್ಚಿದ್ರೆ ಹೇಗಾಗುತ್ತೆ ಅಂತ ಇವತ್ತು ಬೆಳಗ್ಗೆ ನೋಡಿದೆ, ಆ ಹುಡುಗಿ ಕೈಯಲ್ಲಿ. ಚಿಕ್ಕ ಚಿಕ್ಕ ಬೊಕ್ಕೆ, ತುದೀಲಿ ಕೀವು. ನಿಮ್ಮ ಕಾಲಿಗೆ ಆಗಿರೋದು ಅದಲ್ಲ. ಇದು ಕುದಿಯೋ ನೀರು ಬಿದ್ದ ಗಾಯ. ಲಾನ್‌ನಲ್ಲಿ ಹುಲ್ಲು ಸುಟ್ಟಿರೋದೂ ಮದ್ದಿನಿಂದ ಅಲ್ಲ. ಗೂಡುಗಳ ಮೇಲೆ ಬಿಸಿನೀರು ಹುಯ್ದಿದ್ದು ನೀವು. ಅಲ್ವಾಮ್ಮ?"

ಮಗ ಗಕ್ಕನೆ ತಿರುಗಿದ. "ಅಮ್ಮ?"

"ಹೌದು," ಎಂದರು ಆಕೆ. ಮುಚ್ಚಿಡುವಂಥದ್ದು ಏನೂ ಇಲ್ಲ ಎನ್ನುವ ದನಿ. "ಮದ್ದು ಹಾಕಿ ಎಷ್ಟು ದಿನ ಆದ್ರೂ ಅವು ಓಡಾಡ್ತಾನೇ ಇದ್ವು. ಅವರು ಕಿಟಕೀಲಿ ಕೂತು ಆ ಹುಲ್ಲನ್ನೇ ನೋಡೋರು. ಅದನ್ನ ನೋಡ್ತಾ ಕೂರೋಕೆ ನನ್ನಿಂದ ಆಗ್ಲಿಲ್ಲ. ಇವನು ಕೋರ್ಟಿಗೆ, ಹುಡುಗಿ ಅಂಗಡಿಗೆ ಹೋದಾಗ ದೊಡ್ಡ ಪಾತ್ರೇಲಿ ನೀರು ಕಾಯಿಸಿ ಹುಯ್ದೆ. ಮೂರಕ್ಕೂ. ಕೊನೇದಕ್ಕೆ ಹುಯ್ಯುವಾಗ ಕೈ ಜಾರ್ತು, ಕಾಲ ಮೇಲೆ ಬಿತ್ತು. ಇವನಿಗೆ ಹೇಳಿದ್ರೆ ಬೈತಾನೆ ಅಂತ ಇರುವೆ ಕಚ್ತು ಅಂದೆ. ಮರುದಿನ ನೋಡ್ತೀನಿ, ಎಲ್ಲಾ ಸತ್ತಿದ್ವು. ಅದಕ್ಕೇ ಹುಡುಗಿಗೆ ಹೇಳಿದೆ..."

ಅವರು ಮೇಡಂ ಮುಖವನ್ನು ನೋಡುತ್ತಿದ್ದರು. ಅಲ್ಲಿ ಏನನ್ನೋ ಓದಿದರು.

"ಸತ್ತಿರಲಿಲ್ವಾ?"

"ಮೇಲಿದ್ದವು ಸತ್ತವು. ರಾಣಿ ತುಂಬಾ ಆಳದಲ್ಲಿರುತ್ತೆ, ಅಷ್ಟು ದೂರ ನೀರು ಬಿಸಿಯಾಗಿ ಇಳಿಯಲ್ಲ. ಉಳಿದವು ಮೊಟ್ಟೆ ಹೊತ್ಕೊಂಡು ಜಾಗ ಬದಲಾಯಿಸಿದವು. ಮರದ ಹತ್ರ. ಮದ್ದಿನ ಕಾಳೂ ನೆಂದು ಹಾಳಾಯ್ತು."

ಮಗ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡು ನಿಂತಿದ್ದ.

"ಹಾಗಾದ್ರೆ," ಎಂದರು ತಾಯಿ, ಪ್ರತಿ ಪದವನ್ನೂ ಕಷ್ಟದಿಂದ ಎತ್ತಿಡುತ್ತ, "ನಾನು ಸುಮ್ಮನೆ ಇದ್ದಿದ್ರೆ..."

ಮೇಡಂ ಅವರ ಕೈ ಹಿಡಿದುಕೊಂಡರು. "ನಿಮಗೆ ಗೊತ್ತಿರಲಿಲ್ಲ. ಇದು ಕೊಲೆಯಲ್ಲಮ್ಮ. ಯಾರೂ ಅದನ್ನ ಕೊಲೆ ಅನ್ನೋಕಾಗಲ್ಲ. ಆದ್ರೆ ಮಾಡದ ತಪ್ಪಿಗೆ ಒಬ್ಬ ಹುಡುಗಿ ನಮ್ಮ ಠಾಣೇಲಿ ಕೂತಿದ್ದಾಳೆ. ಅದಕ್ಕೇ ಹೇಳಬೇಕಾಯ್ತು."

ಆಕೆ ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

"ನಡೀರಿ."

"ಎಲ್ಲಿಗಮ್ಮ?" ಎಂದ ಮಗ.

"ಅವಳನ್ನ ಕರ್ಕೊಂಡು ಬರೋಕೆ. ನೀನೂ ಬಾ. ದೂರು ಕೊಟ್ಟವನು ನೀನು."

ಠಾಣೆಯಲ್ಲಿ ಡಾಕ್ಟರು ಹುಡುಗಿಯ ಕೈಗಳಿಗೆ ಮುಲಾಮು ಹಚ್ಚಿ ಬಿಳಿ ಪಟ್ಟಿ ಕಟ್ಟಿ ಹೋಗಿದ್ದರು. ಮಗ ದೂರನ್ನು ವಾಪಸ್ ತೆಗೆದುಕೊಳ್ಳುವುದಾಗಿ ಬರೆದು ಸಹಿ ಮಾಡಿದ. ಆಮೇಲೆ ಹುಡುಗಿಯ ಎದುರು ನಿಂತ. "ತಪ್ಪಾಯ್ತು," ಎಂದಷ್ಟೇ ಹೇಳಿ ಹೊರಗೆ ಹೋದ.

ತಾಯಿ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತರು. ನಡೆದದ್ದನ್ನೆಲ್ಲ ತಾವೇ ಹೇಳಿದರು. ಬಿಸಿನೀರು, ಪಾತ್ರೆ, ಕಾಲು, ಸುಳ್ಳು. ಒಂದನ್ನೂ ಬಿಡಲಿಲ್ಲ. ಹುಡುಗಿ ಕೇಳುತ್ತ ಕೇಳುತ್ತ ಪಟ್ಟಿ ಕಟ್ಟಿದ ಕೈಯನ್ನು ಬಾಯಿಗೆ ಒತ್ತಿಕೊಂಡಳು.

"ನಿನ್ನ ಕ್ಷಮೆ ಕೇಳೋಕೂ ನನಗೆ ಮುಖ ಇಲ್ಲ," ಎಂದರು ತಾಯಿ. "ಆದ್ರೆ ಒಂದು ಕೇಳ್ತೀನಿ. ಕೊನೇಲಿ ಅವರ ಹತ್ರ ಇದ್ದವಳು ನೀನು. ಏನಾದ್ರೂ ಹೇಳಿದ್ರಾ?"

ಹುಡುಗಿ ಬಾಯಿಗೆ ಒತ್ತಿದ್ದ ಕೈಯನ್ನು ಕೆಳಗಿಳಿಸಿದಳು.

"ಚಪ್ಪಲಿ ಬಿಚ್ಚಿ ಪಾದ ಹುಲ್ಲಿನ ಮೇಲಿಟ್ಟೆ ಅಮ್ಮ. ಕಣ್ಣು ಮುಚ್ಕೊಂಡ್ರು. 'ತಣ್ಣಗಿದೆ' ಅಂದ್ರು. ನಾನು ಕೇಳಿದೆ, 'ನಿಮಗೆ ಗೊತ್ತಾಗುತ್ತಾ ಮೇಷ್ಟ್ರೇ?' ಅಂತ."

"ಏನಂದ್ರು?"

"'ಗೊತ್ತಾಗಲ್ಲಮ್ಮ, ನೆನಪಿದೆ' ಅಂದ್ರು. ನಗ್ತಾ ಇದ್ರು. ಅಷ್ಟರಲ್ಲಿ ಫೋನ್ ಬಂತು."

ತಾಯಿ ಆ ಪಟ್ಟಿ ಕಟ್ಟಿದ ಎರಡೂ ಕೈಗಳನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಆಗ ಅತ್ತರು. ಮೇಡಂ ನನ್ನನ್ನು ಕರೆದುಕೊಂಡು ಹೊರಗೆ ಬಂದು, ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ಎಳೆದರು.