ಐದನೆಯ ಎಸಳು

"ಬಸುರಿ ಹೆಂಗಸು ನೀನು. ಆ ಹೂವಿನ ಐದನೇ ಎಸಳಿಗೆ ಮಾತ್ರ ಬಣ್ಣ ಹಚ್ಚಬೇಡ ತಾಯಿ," ಎಂದ ಚಿತ್ರಶಾಲೆಯ ಕಾವಲಿನ ಮುದುಕ.

ಹಳೆಯ ಚಿತ್ರಗಳನ್ನು ಸರಿಪಡಿಸಲು ಹೊಸದಾಗಿ ಸೇರಿದ್ದವಳು ತನ್ನ ಏಳು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಳು. "ಇಷ್ಟು ಹಳೇ ಹೂವನ್ನ ನನ್ನ ಕಿವಿಗೆ ಇಡಬೇಡಿ ತಾತ."

"ನಗಬೇಡ. ಹೆರಿಗೆ ನೋವಲ್ಲಿ ಹೆಂಡ್ತಿ ಬಾಗಿಲು ಬಡೀತಿದ್ರೂ ಇದನ್ನ ಬರೆದೋನು ಏಳಲಿಲ್ಲವಂತೆ. ಬಣ್ಣ ಆರಿಹೋಗುತ್ತೆ ಅಂದನಂತೆ. ಮಗು ಉಳೀಲಿಲ್ಲ. ಅವಳು ಈ ಹಾಳೆಗೇ ಮಾಟ ಮಾಡಿಸಿದ್ಲು."

"ಶುಕ್ರವಾರ ಪ್ರದರ್ಶನ ತಾತ. ಹೂವು ಪೂರ್ತಿ ಇರಬೇಕು ಅಂತ ದೊಡ್ಡೋರ ಅಪ್ಪಣೆ. ನಿಮ್ಮ ಮಾಟಕ್ಕೆ ಸೋಮವಾರ ಬರೋಕೆ ಹೇಳಿ."

ಮುದುಕ ತಲೆ ತಗ್ಗಿಸಿ ಹೊರನಡೆದ.

ಹೊರಗೆ ಉರಿಬಿಸಿಲು. ಒಳಗೆ, ಬೆಳಕು ಬಣ್ಣವನ್ನು ತಿನ್ನದಿರಲೆಂದು ಇಳಿಬಿಟ್ಟ ದಪ್ಪ ಪರದೆಗಳ ಕತ್ತಲೆ, ಗೋಂದಿನ ಕಮಟು, ಒಂದೇ ದೀಪ. ಅದರಡಿ, ಹಾಳೆಯ ಮೇಲೆ, ಇನ್ನೂರೈವತ್ತು ವರ್ಷದ ಗಿಡ. ಕೂದಲೆಳೆಯಂಥ ನರಗಳ ಎಲೆ, ಈಗಷ್ಟೇ ಹಚ್ಚಿದಂತೆ ಹಸಿಯಾಗಿ ಹೊಳೆಯುವ ನಾಲ್ಕು ಕೆಂಪು ಎಸಳು. ಐದನೆಯದು ಬರೀ ಸೀಸದ ಕಡ್ಡಿಯ ಗೆರೆ.

ಕುಂಚವನ್ನು ತುಟಿಗಳ ನಡುವೆ ಎಳೆದು ಚೂಪು ಮಾಡಿದಳು. ಎಷ್ಟು ಬೈಸಿಕೊಂಡರೂ ಬಿಡದ ಚಾಳಿ. ಹಚ್ಚಿದಳು. ಹಾಳೆ ಬಣ್ಣವನ್ನು ಹೀರಿತು, ಕಲೆಯೂ ಉಳಿಯಲಿಲ್ಲ. ಮತ್ತೆ ತುಟಿ, ಮತ್ತೆ ಬಣ್ಣ, ಮತ್ತೆ ಹಾಳೆ. ಮೆಲ್ಲಗೆ ಕೆಂಪು ಅರಳತೊಡಗಿತು. ಗೋಂದಿನ ವಾಸನೆ ಎಲ್ಲೋ ಅಡಗಿ, ಹಸಿ ಬಾಣಂತಿ ಕೋಣೆಯ ವಾಸನೆ ಮೂಗಿಗೆ ಅಡರಿತು.

ಎಸಳು ತುಂಬಿತು. ಬೆಳಗಿನಿಂದ ಒದೆಯುತ್ತಿದ್ದ ಮಗು ನಿಂತಿತು.

ಹೊಟ್ಟೆ ಒತ್ತಿದಳು. ಇಲ್ಲ. ತಣ್ಣೀರು ಕುಡಿದು ಮಗ್ಗುಲಾದಳು. ಇಲ್ಲ.

"ತಾತಾ!"

ಓಡಿಬಂದ ಮುದುಕ ಹಾಳೆ ನೋಡಿ ಕುಸಿದು ಕೂತ. "ಒಂದೊಂದು ಎಸಳೂ ಒಂದೊಂದು ಮಗು ತಾಯಿ. ನಾಲ್ಕನೇದನ್ನ ಹಚ್ಚಿದ್ದು ಬಸುರಿಯಾಗಿದ್ದ ನನ್ನ ಹೆಂಡ್ತಿ. ಇದೇ ಮೇಜಲ್ಲಿ. ಆಮೇಲೆ ನಮಗೆ ಮಕ್ಕಳೇ ಆಗಲಿಲ್ಲ."

ಹಾಳೆಯ ಮೇಲೆ ಹೊಸ ಎಸಳು ಮಿಡಿಯುತ್ತಿತ್ತು. ಡಬ್. ಡಬ್. ಪುಟ್ಟ ಎದೆಯಂತೆ.

ಬಾಯಿಂದಲೇ ಹೋದದ್ದು. ಬಾಯಿಂದಲೇ ಬರಬೇಕು.

ಬಗ್ಗಿದಳು. ನಾಲಿಗೆ ಚಾಚಿದಳು. ನೆಕ್ಕಿದಳು. ಉಪ್ಪು. ಬಿಸಿ. ತುಕ್ಕಿನ ರುಚಿ. ಯಾವ ಎಸಳು ಎಲ್ಲಿ ಮುಗಿಯಿತೋ, ಯಾವುದು ಶುರುವಾಯಿತೋ. ನೆಕ್ಕಿದಳು. ಹಾಳೆ ಬೆಳ್ಳಗಾಯಿತು.

ಹೊಟ್ಟೆಗೆ ಕೈಯಿಟ್ಟು ಕಾದಳು.

ಹೊಕ್ಕುಳ ಕೆಳಗೆ ಒಂದು ಒದೆತ.

"ಬಂತು ತಾತ! ಬಂತು!" ಅಳುತ್ತಲೇ ನಕ್ಕಳು.

ಬಲಪಕ್ಕೆಯಲ್ಲಿ ಇನ್ನೊಂದು. ಎಡಕ್ಕೆ. ಸೊಂಟದಲ್ಲಿ. ಎದೆಗೂಡಿನಡಿ. ಐದೂ ಒಟ್ಟಿಗೆ. ಚರ್ಮ ಬಿಗಿಯಿತು. ಉಡುಪಿನ ಹೊಲಿಗೆ ಪಟಪಟನೆ ಬಿಚ್ಚಿತು. ಉಸಿರು ಸಿಗಲಿಲ್ಲ.

"ಡಾಕ್ಟರು... ಯಾರನ್ನಾದ್ರೂ ಕರೀರಿ ತಾತ..."

ಮುದುಕ ಎದ್ದು ಬಾಗಿಲಿನ ಅಗುಳಿ ಹಾಕಿದ. ಮಂಡಿಯೂರಿ, ಅವಳ ಹೊಟ್ಟೆಗೆ ಕಿವಿ ಆನಿಸಿದ. ಅವನ ಮುಖದಲ್ಲಿ ಭಯದ ಸುಳಿವೇ ಇರಲಿಲ್ಲ.

"ಅಲ್ಲಾಡಬೇಡ ತಾಯಿ," ಎಂದು ಪಿಸುಗುಟ್ಟಿದ. "ಇದರಲ್ಲೊಂದು ನಮ್ಮದು."